ಕಂಪ್ಯೂಟರ್ ಆಟ ಮತ್ತು ಮಣಿಕಟ್ಟಿನ ನೋವು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಂಪ್ಯೂಟರ್ ಆಟಗಳಿಂದ ಕೈನೋವು ಕಾಣಿಸಿಕೊಂಡವರು ತಮ್ಮ ತೊಂದರೆಯನ್ನು ಬರೆದು ಕಳುಹಿಸಬಹುದೆಂದು ಕಳೆದ ಸಂಚಿಕೆಯಲ್ಲಿ ಕೋರಲಾಗಿತ್ತು. ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ. ಪತ್ರವನ್ನು ಓದಿ ಹೇಳುವ ಮಾತು ಕೈಯನ್ನು ಮುಟ್ಟಿ ನೋಡಿ ಹೇಳುವ ಮಾತಿಗೆ ಸಮವಾಗುವುದಿಲ್ಲ ಎಂಬುದನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಂಡು ಓದಬೇಕು.

ಪ್ರಶ್ನೆ: ನಾನು ಇಂಜಿನಿಯರಿಂಗ್ ಓದುತ್ತಿರುವ 21 ವರ್ಷದ ಯುವಕ. ರಜೆಯಲ್ಲಿ ಊರಿಗೆ ಬಂದಾಗ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ರಾತ್ರಿ ನಾಲ್ಕೈದು ಗಂಟೆ ಶೂಟಿಂಗ್ ಆಟಗಳನ್ನು ಆಡುತ್ತೇನೆ. ಹಗಲಿನಲ್ಲಿ ಅಪ್ಪನ ಜೊತೆ ಅಡಿಕೆ ಸುಲಿಯುವುದೂ ಇದೆ. ಒಂದು ತಿಂಗಳಿನಿಂದ ನಡುರಾತ್ರಿ ಬಲಗೈಗೆ ಜೋಮು ಹಿಡಿದು ಎಚ್ಚರವಾಗುತ್ತಿದೆ. ಕೈ ಕೊಡವಿದರೆ ಸರಿಹೋಗುತ್ತದೆ. ಆಟವನ್ನು ಬಿಡಲೇಬೇಕೆ? (ಬದಿಯಡ್ಕದ ಓದುಗ)

ಉತ್ತರ: ಜೋಮು ಯಾವ ಬೆರಳುಗಳಿಗೆ ಹಿಡಿಯುತ್ತದೆ ಎಂಬುದನ್ನು ನೀವು ಬರೆದಿಲ್ಲ; ಮೊದಲು ಅದನ್ನು ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಹಾಗೂ ಉಂಗುರಬೆರಳಿನ ಅರ್ಧಭಾಗ ಮರಗಟ್ಟಿ, ಕಿರುಬೆರಳು ಮಾತ್ರ ಎಂದಿನಂತೆ ಇದ್ದರೆ ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಲ್ಪಡುತ್ತಿದೆ ಎಂದು ಅನುಮಾನಿಸಬೇಕಾಗುತ್ತದೆ. ಮಣಿಕಟ್ಟಿನ ಒಳಬದಿಯಲ್ಲಿ ಕೆಳಗೆ ಸಣ್ಣ ಎಲುಬುಗಳೂ ಮೇಲೆ ದಪ್ಪನೆಯ ಅಡ್ಡಪಟ್ಟಿಯೂ ಸೇರಿ ಆದ ಒಂದು ಕಿರುದಾರಿಯಿದ್ದು, ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳು ಈ ನರದ ಜೊತೆಯಲ್ಲಿಯೇ ಅದರೊಳಗೆ ಹಾದುಹೋಗುತ್ತವೆ. ಮಣಿಕಟ್ಟು ನೇರವಾಗಿದ್ದಾಗ ಅಲ್ಲಿನ ಒತ್ತಡ ಕಡಿಮೆ; ಹಿಂದಕ್ಕೋ ಮುಂದಕ್ಕೋ ಬಾಗಿದಾಗ ಒತ್ತಡ ಏರುತ್ತದೆ. ನಿದ್ದೆಯಲ್ಲಿ ನಾವು ಅರಿವಿಲ್ಲದೆಯೇ ಕೈಯನ್ನು ಮಡಿಸಿ ಮಲಗುವುದರಿಂದ ಈ ತೊಂದರೆ ಹೆಚ್ಚಾಗಿ ರಾತ್ರಿಯಲ್ಲಿಯೇ ಎಬ್ಬಿಸುತ್ತದೆ, ಕೊಡವಿದಾಗ ಇಳಿಯುತ್ತದೆ. ಇದನ್ನು ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ.

ಆದರೆ ಇದಕ್ಕೆ ಆಟವೊಂದೇ ಕಾರಣವೆಂದು ತೀರ್ಮಾನಿಸುವುದು ಆತುರದ ಮಾತಾದೀತು. ಕೀಬೋರ್ಡ್ ಮತ್ತು ಮೌಸ್ ಬಳಕೆಯಿಂದ ಈ ತೊಂದರೆ ಹುಟ್ಟುತ್ತದೆ ಎನ್ನುವುದಕ್ಕೆ ಅಧ್ಯಯನಗಳಲ್ಲಿ ಸಿಕ್ಕಿರುವ ಆಧಾರ ಗಟ್ಟಿಯಾಗಿಲ್ಲ. ಬಲವಾಗಿ ಹಿಡಿದು ಮತ್ತೆ ಮತ್ತೆ ಮಾಡುವ ಕೈಕೆಲಸಕ್ಕೆ ಆಧಾರ ಅದಕ್ಕಿಂತ ಹೆಚ್ಚಿದೆ. ಗಂಟೆಗಟ್ಟಲೆ ಅಡಿಕೆ ಸುಲಿಯುವುದು ಅಂತಹ ಕೆಲಸವೇ. ಮಧುಮೇಹ, ಥೈರಾಯ್ಡ್ ಕೊರತೆ, ಬೊಜ್ಜು ಮತ್ತು ಸಂಧಿವಾತಗಳೂ ಇದಕ್ಕೆ ದಾರಿಮಾಡುತ್ತವೆಯಾದ್ದರಿಂದ ವೈದ್ಯರು ರಕ್ತಪರೀಕ್ಷೆಗೆ ಬರೆದುಕೊಟ್ಟರೆ ‘ಈ ವಯಸ್ಸಿಗೆ ಅದೆಲ್ಲ ಯಾಕೆ’ ಎಂದು ತಳ್ಳಿಹಾಕಬೇಡಿ. ನಿಮ್ಮ ಕೈಗೆ ಹಗಲಿನ ಸುಲಿತ ಮತ್ತು ರಾತ್ರಿಯ ಮೌಸ್ ಎರಡೂ ಒಂದೇ ಲೆಕ್ಕಕ್ಕೆ ಸೇರುತ್ತವೆ. ಅಡಿಕೆ ಸುಲಿದ ದಿನ ಆಟವನ್ನು ಅರ್ಧಕ್ಕೆ ಇಳಿಸಬೇಕು. ಹಗಲಿನದು ದುಡಿಮೆ, ರಾತ್ರಿಯದು ವಿಶ್ರಾಂತಿ ಎಂಬ ಭೇದ ಸ್ನಾಯುಗಳಿಗೆ ತಿಳಿಯುವುದಿಲ್ಲ.

ಇನ್ನು ಕೂರುವ ಕ್ರಮ. ಊಟದ ಮೇಜಿನ ಎತ್ತರ ಸಾಮಾನ್ಯವಾಗಿ 75 ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ನಾವು ಬಳಸುವ ಪ್ಲಾಸ್ಟಿಕ್ ಕುರ್ಚಿ ತಗ್ಗಾಗಿರುವುದರಿಂದ, ಅದರಲ್ಲಿ ಕುಳಿತವನ ಮೊಣಕೈ ಮೇಜಿನ ಮಟ್ಟಕ್ಕಿಂತ ಕೆಳಗೆ ಉಳಿಯುತ್ತದೆ. ಆಗ ಭುಜವನ್ನು ಎತ್ತಿ, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ, ಮೇಜಿನ ಅಂಚಿನ ಮೇಲೆ ಊರಿಯೇ ಆಡಬೇಕಾಗುತ್ತದೆ. ಕುರ್ಚಿಯ ಮೇಲೆ ಗಟ್ಟಿಯಾದ ದಿಂಬನ್ನೋ ಮಡಿಸಿದ ಕಂಬಳಿಯನ್ನೋ ಹಾಕಿ ಮೊಣಕೈ ಮೇಜಿನ ಮಟ್ಟಕ್ಕೆ, ಅಥವಾ ಅದಕ್ಕಿಂತ ತುಸು ಮೇಲಕ್ಕೆ ಬರುವಂತೆ ಮಾಡಿಕೊಳ್ಳಿ. ಪಾದ ನೆಲಕ್ಕೆ ಎಟುಕದಿದ್ದರೆ ಕೆಳಗೆ ಒಂದು ಮಣೆ ಇರಲಿ. ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲಿಯೇ ಆಡುವವರಿಗೆ ಪರದೆ ಸರಿಯಾದ ಎತ್ತರಕ್ಕೆ ಬಂದರೆ ಕೈ ತಪ್ಪುತ್ತದೆ, ಕೈ ಸರಿಯಾದರೆ ಕುತ್ತಿಗೆ ಬಾಗುತ್ತದೆ. ಆದ್ದರಿಂದ ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲಿಟ್ಟು, ಬೇರೆ ಕೀಬೋರ್ಡ್ ಒಂದನ್ನು ಜೋಡಿಸಿಕೊಳ್ಳುವುದು ನೀವು ಮಾಡಬಹುದಾದ ಅತ್ಯಂತ ಉಪಯುಕ್ತ ಖರ್ಚು. ಕೀಬೋರ್ಡಿನ ಹಿಂಬದಿಯಲ್ಲಿರುವ ಎರಡು ಸಣ್ಣ ಕಾಲುಗಳನ್ನು ಮಡಿಸಿಯೇ ಇಡಿ. ಅವನ್ನು ಎತ್ತಿದರೆ ಮಣಿಕಟ್ಟು ಮತ್ತಷ್ಟು ಹಿಂದಕ್ಕೆ ಬಾಗುತ್ತದೆ. ಸಂಖ್ಯೆಗಳ ಭಾಗವಿಲ್ಲದ ಚಿಕ್ಕ ಕೀಬೋರ್ಡ್ ಆದರೆ ಮೌಸ್ ದೇಹಕ್ಕೆ ಹತ್ತಿರವಾಗಿ ಬಲಭುಜಕ್ಕೂ ಹಗುರ.

ಶೂಟಿಂಗ್ ಆಟಗಳಲ್ಲಿ ಮೌಸಿನ ಸೆನ್ಸಿಟಿವಿಟಿಯ (ಮೌಸ್ ತುಸು ಸರಿದಾಗ ಪರದೆಯ ಮೇಲಿನ ಗುರಿ ಎಷ್ಟು ಸರಿಯುತ್ತದೆ ಎಂಬುದರ) ಪ್ರಶ್ನೆ ಬಹಳ ಮುಖ್ಯವಾದುದು, ಆದರೆ ನೋವಿನ ಮಾತು ಬಂದಾಗ ಅದನ್ನು ಯಾರೂ ಎತ್ತುವುದಿಲ್ಲ. ಸೆನ್ಸಿಟಿವಿಟಿ ಹೆಚ್ಚಿದ್ದರೆ ಗುರಿಯಿಡುವ ಕೆಲಸವೆಲ್ಲ ಮಣಿಕಟ್ಟಿನ ಅಕ್ಕಪಕ್ಕದ ಸಣ್ಣ ಚಲನೆಗಳ ಮೇಲೆ ಬೀಳುತ್ತದೆ. ಕಡಿಮೆಯಿದ್ದರೆ ಮೊಣಕೈ ಮತ್ತು ಭುಜದಿಂದ ಇಡೀ ತೋಳನ್ನು ಸರಿಸಬೇಕಾಗುತ್ತದೆ. ಮಣಿಕಟ್ಟು ನೋಯುವವರು ಅದನ್ನು ಹಂತಹಂತವಾಗಿ ಇಳಿಸಿ, ದೊಡ್ಡ ಮೌಸ್‌ಪ್ಯಾಡ್ ಬಳಸುವುದು ಒಳ್ಳೆಯದು. ಒಮ್ಮೆಲೇ ಅರ್ಧಕ್ಕೆ ಇಳಿಸಿದರೆ ನೋವು ಭುಜಕ್ಕೆ ವರ್ಗವಾಗುತ್ತದೆಯಷ್ಟೆ.

ಹಿಡಿತವನ್ನೂ ಗಮನಿಸಬೇಕು. ಎದುರಾಳಿ ಕಾಣಿಸಿದ ಕೂಡಲೇ ಮೌಸನ್ನು ಹಿಂಡುವಂತೆ ಹಿಡಿಯುವುದು, ಕೀಲಿಯನ್ನು ತಳ ಮುಟ್ಟಿದ ಮೇಲೂ ಅದುಮುವುದು ಎಲ್ಲ ಆಟಗಾರರಲ್ಲಿಯೂ ಇರುವ ಅಭ್ಯಾಸ. ಬೆರಳನ್ನು ಆಡಿಸುವ ಸ್ನಾಯುಗಳ ದೊಡ್ಡ ಭಾಗ ಇರುವುದು ಮುಂಗೈಯಲ್ಲಿ. ಆಟ ಮುಗಿದ ಮೇಲೆ ಮೊಣಕೈ ಕೆಳಗೆ ಬಿಗಿದುಕೊಂಡಂತೆ ಅನಿಸುವುದು ಈ ಕಾರಣಕ್ಕೆ. ಸುತ್ತಿನಲ್ಲಿ ಸತ್ತು ಮುಂದಿನ ಸುತ್ತಿಗಾಗಿ ಕಾಯುವ ಆ ಅರ್ಧ ನಿಮಿಷ ಕೈಯನ್ನು ಮೌಸಿನಿಂದ ತೆಗೆದು ತೊಡೆಯ ಮೇಲೆ ಅಂಗೈ ಮೇಲಾಗಿ ಸಡಿಲಬಿಡಿ. ಒಂದು ಪಂದ್ಯ ಮುಗಿದ ಮೇಲೆ ಐದು ನಿಮಿಷ ಎದ್ದು ನಡೆಯದೆ ಮುಂದಿನ ಪಂದ್ಯಕ್ಕೆ ಒತ್ತಬೇಡಿ. ಪ್ರತಿ 20 ನಿಮಿಷಕ್ಕೊಮ್ಮೆ ವಿರಾಮವೆಂಬ ನಿಯಮ ಕಚೇರಿ ಕೆಲಸಕ್ಕೆ ಹೊಂದೀತು. ಪಂದ್ಯದ ನಡುವೆ ಎದ್ದುಹೋಗುವ ಆಟಗಾರನನ್ನು ನಾನಂತೂ ಕಂಡಿಲ್ಲವಾದ್ದರಿಂದ ಪಾಲಿಸಲಾಗದ ನಿಯಮವನ್ನು ಹೇಳುವುದಿಲ್ಲ.

ಸದ್ಯಕ್ಕೆ ರಾತ್ರಿ ಮಲಗುವಾಗ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟ್ ಕಟ್ಟಿಕೊಳ್ಳಿ. ಔಷಧದ ಅಂಗಡಿಗಳಲ್ಲಿ ಸಿಗುತ್ತದೆ. ಆರು ವಾರವಾದರೂ ಬಿಡದೆ ಬಳಸಬೇಕು. ಅದನ್ನೇ ಕಟ್ಟಿಕೊಂಡು ಆಡಬಾರದು, ಏಕೆಂದರೆ ಮಣಿಕಟ್ಟು ಅಲುಗಾಡದಿದ್ದಾಗ ಬೆರಳು ಮತ್ತು ಮೊಣಕೈ ಆ ಕೆಲಸವನ್ನು ಹೊರಲು ಹೋಗಿ ತಾವೂ ನೋಯುತ್ತವೆ. ಆಟವನ್ನು ಸಂಪೂರ್ಣ ಬಿಡಬೇಕಾಗಿಲ್ಲ. ಆದರೆ ಜೋಮು ಹಗಲಿನಲ್ಲಿಯೂ ಉಳಿಯತೊಡಗಿದರೆ, ಅಂಗಿಯ ಗುಂಡಿ ಹಾಕುವುದು ಕಷ್ಟವಾದರೆ, ಹೆಬ್ಬೆರಳಿನ ಬುಡದ ಮಾಂಸಲ ಭಾಗ ಇನ್ನೊಂದು ಕೈಗಿಂತ ಚಪ್ಪಟೆಯಾಗಿ ಕಂಡರೆ, ಆಟ ಮತ್ತು ಅಡಿಕೆ ಎರಡನ್ನೂ ನಿಲ್ಲಿಸಿ ಮೂಳೆತಜ್ಞರನ್ನು ಕಾಣಬೇಕು. ಅವರು ನರದ ವೇಗವನ್ನು ಅಳೆಯುವ ಪರೀಕ್ಷೆಗೆ ಕಳುಹಿಸಬಹುದು.

ಪ್ರಶ್ನೆ: ನನ್ನ ಮಗ ಪ್ಲಸ್ ಟು ವಿದ್ಯಾರ್ಥಿ. ಕಂಪ್ಯೂಟರಿಲ್ಲ, ಮೊಬೈಲಿನಲ್ಲಿಯೇ ಬಿಜಿಎಂಐ ಎಂಬ ಶೂಟಿಂಗ್ ಆಟ ಆಡುತ್ತಾನೆ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ನೋವು, ತುಸು ಊತ. ಅಜ್ಜಿ ದಿನವೂ ಮುರಿವೆಣ್ಣ ಎಂಬ ಆಯುರ್ವೇದದ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಇದು ಸರಿಯೇ? (ಪೆರ್ಲದ ತಾಯಿಯೊಬ್ಬರು)

ಉತ್ತರ: ಹೆಬ್ಬೆರಳನ್ನು ಹೊರಕ್ಕೆ ಮತ್ತು ಮೇಲಕ್ಕೆ ಎಳೆಯುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಬಿಗಿಯಾದ ಕವಚದೊಳಗೆ ಜಾರುತ್ತವೆ. ಹೆಬ್ಬೆರಳನ್ನೇ ನೆಚ್ಚಿಕೊಂಡ ಕೆಲಸ ಅತಿಯಾದಾಗ ಆ ಕವಚ ದಪ್ಪವಾಗಿ ನೋಯುತ್ತದೆ. ಸ್ವಿಸ್ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲಿ ಇದನ್ನು ವಿವರಿಸಿದ್ದರಿಂದ ಅವರ ಹೆಸರಿನಲ್ಲಿಯೇ ಇದು ಇಂದಿಗೂ ಕರೆಯಲ್ಪಡುತ್ತದೆ. ಮೊಬೈಲ್ ಬರುವುದಕ್ಕೂ ಮೊದಲೇ ಇದ್ದ ತೊಂದರೆಯಿದು. ಹಸುಗೂಸನ್ನು ಮತ್ತೆ ಮತ್ತೆ ಎತ್ತಿಕೊಳ್ಳುವ ತಾಯಂದಿರಲ್ಲಿ ಈಗಲೂ ಸಾಮಾನ್ಯ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಮೆಲ್ಲನೆ ಬಾಗಿಸಿದಾಗ ನಿಮ್ಮ ಮಗನಿಗೆ ಅದೇ ಜಾಗದಲ್ಲಿ ಚುರುಕ್ಕೆಂದು ನೋವಾದರೆ ಇದೇ ಇರಬಹುದು. ಬಲವಾಗಿ ಎಳೆದು ನೋಡಬೇಡಿ, ಪದೇ ಪದೇ ಪರೀಕ್ಷಿಸಲೂ ಬೇಡಿ.

ಅಜ್ಜಿಯವರ ಎಣ್ಣೆಯ ವಿಷಯ: ಮುಂಗೈಯ ಸ್ನಾಯುಗಳ ಮೇಲೆ ಹಗುರವಾಗಿ ನೀವುವುದರಿಂದ ಹಾಯೆನಿಸುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಊದಿದ ಕವಚದ ಮೇಲೆಯೇ ಬಲವಾಗಿ ತಿಕ್ಕುವುದು ಮಾತ್ರ ಕೂಡದು. ಉಜ್ಜಾಟದಿಂದ ಊದಿಕೊಂಡ ಜಾಗಕ್ಕೆ ಮತ್ತೆ ಉಜ್ಜಾಟವನ್ನೇ ಕೊಟ್ಟಂತಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಡಬಹುದು. ಎರಡು ಮೂರು ವಾರ ಹೆಬ್ಬೆರಳಿಗೂ ಆಸರೆಯಾಗುವ ಸ್ಪ್ಲಿಂಟ್ ಬೇಕು; ಮಣಿಕಟ್ಟಿಗೆ ಮಾತ್ರ ಸುತ್ತುವ ಕ್ರೇಪ್ ಬ್ಯಾಂಡೇಜಿನಿಂದ ಇಲ್ಲಿ ಪ್ರಯೋಜನವಿಲ್ಲ. ಆಟಕ್ಕೆ ಮರಳುವಾಗ ಫೋನಿನ ಭಾರವನ್ನು ಕಿರುಬೆರಳುಗಳ ಮೇಲೆ ಹೊರಿಸದೆ ಸ್ಟ್ಯಾಂಡಿಗೋ ದಿಂಬಿಗೋ ಒರಗಿಸಿ ಇಡಬೇಕು, ಗುಂಡಿಗಳನ್ನು ಹೆಬ್ಬೆರಳು ಚಾಚದೆಯೇ ಎಟುಕುವ ಜಾಗಕ್ಕೆ ಸರಿಸಿಕೊಳ್ಳಬೇಕು. ಆ ಸೌಲಭ್ಯ ಆಟದ ಸೆಟ್ಟಿಂಗಿನಲ್ಲಿಯೇ ಇದೆ. ‘ಒಂದು ಗಂಟೆ ಮಾತ್ರ’ ಎನ್ನುವುದಕ್ಕಿಂತ ‘ಎರಡು ಪಂದ್ಯ ಮಾತ್ರ’ ಎಂದರೆ ಆ ವಯಸ್ಸಿನವರು ಮಾತಿಗೆ ನಿಲ್ಲುತ್ತಾರೆ. ಪರೀಕ್ಷೆಯ ತಿಂಗಳಲ್ಲಿ ಪೆನ್ನು ಹಿಡಿಯುವುದೂ ಅದೇ ಹೆಬ್ಬೆರಳು ಎಂಬುದನ್ನು ಅವನಿಗೆ ತಿಳಿಸಿ ಹೇಳಿ.

ಪ್ರಶ್ನೆ: ನಾನು ಅಕ್ಷಯ ಕೇಂದ್ರವೊಂದರಲ್ಲಿ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಕೆಲಸ ಮಾಡುತ್ತೇನೆ. ದಿನವಿಡೀ ಅರ್ಜಿ ತುಂಬಿಸುವ ಕೆಲಸ. ರಾತ್ರಿ ಗೆಳೆಯರೊಂದಿಗೆ ಆಟ. ಎಡಗೈಯ ಕಿರುಬೆರಳು ಮತ್ತು ಉಂಗುರಬೆರಳು ಜುಮ್ಮೆನ್ನುತ್ತವೆ. ವರ್ಟಿಕಲ್ ಮೌಸ್ ಕೊಂಡರೆ ಗುಣವಾದೀತೆ? (ಉಪ್ಪಳದ ಓದುಗರು)

ಉತ್ತರ: ಜುಮ್ಮೆನ್ನುವುದು ಎಡಗೈಯಾದರೆ ಬಲಗೈಯ ಮೌಸನ್ನು ಬದಲಿಸಿ ಫಲವೇನು? ಈ ಎರಡು ಬೆರಳುಗಳಿಗೆ ಹೋಗುವುದು ಅಲ್ನರ್ ನರ. ಅದು ಮೊಣಕೈಯ ಒಳಬದಿಯಲ್ಲಿ ಚರ್ಮಕ್ಕೆ ತೀರಾ ಸಮೀಪದಲ್ಲಿ ಹಾದುಹೋಗುತ್ತದೆ. ಮೊಣಕೈ ಏನಕ್ಕಾದರೂ ತಗುಲಿದಾಗ ಕರೆಂಟ್ ಹೊಡೆದಂತಾಗುವುದು ಇದೇ ನರದಿಂದ. ಎಡಮೊಣಕೈಯನ್ನು ಮೇಜಿನ ಮೇಲೆ ಊರಿ ಕೂರುವುದು, ಗ್ರಾಹಕರೊಡನೆ ಮಾತನಾಡುವಾಗ ಫೋನನ್ನು ಎಡಕಿವಿಗೆ ಹಿಡಿದು ಬಹಳ ಹೊತ್ತು ಮೊಣಕೈ ಮಡಿಸಿರುವುದು, ತೋಳು ಮಡಿಸಿ ಮಲಗುವುದು, ಈ ಮೂರನ್ನು ಮೊದಲು ಬಿಡಿ. ಆಟದಲ್ಲಿ ಓಡಲು ಶಿಫ್ಟ್, ಬಾಗಲು ಕಂಟ್ರೋಲ್ ಎಂದು ಕಿರುಬೆರಳನ್ನೇ ಒತ್ತಿಹಿಡಿಯುತ್ತಿದ್ದರೆ ಆ ಕೆಲಸಗಳಲ್ಲಿ ಒಂದನ್ನು ಮೌಸಿನ ಪಕ್ಕದ ಗುಂಡಿಗೆ ವರ್ಗಾಯಿಸಿ, ಇನ್ನೊಂದನ್ನು ಒತ್ತಿಹಿಡಿಯದೆ ಒಮ್ಮೆ ಒತ್ತಿದರೆ ಸಾಕಾಗುವಂತೆ ಬದಲಿಸಿಕೊಳ್ಳಿ. ಕೀಬೋರ್ಡನ್ನು ತುಸು ಓರೆಯಾಗಿ ತಿರುಗಿಸಿಟ್ಟರೆ ಎಡ ಮಣಿಕಟ್ಟು ಹೊರಕ್ಕೆ ವಾಲದೆ ನೇರವಾಗಿ ನಿಲ್ಲುತ್ತದೆ.

ವರ್ಟಿಕಲ್ ಮೌಸ್ ಕೆಟ್ಟದ್ದಲ್ಲ. ಮುಂಗೈಯನ್ನು ಕೈಕುಲುಕುವ ಭಂಗಿಯಲ್ಲಿ ಇಡುವುದರಿಂದ ಬಲಗೈ ನೋಯುವವರಿಗೆ ಹಗಲಿನ ಕೆಲಸದಲ್ಲಿ ಉಪಕಾರವಾಗಬಹುದು, ವೇಗದ ಆಟಕ್ಕೆ ಮಾತ್ರ ಹೆಚ್ಚಿನವರಿಗೆ ಒಗ್ಗುವುದಿಲ್ಲ. ಹಗಲಿಗೊಂದು ರಾತ್ರಿಗೊಂದು ಮೌಸ್ ಬಳಸುವುದರಲ್ಲಿ ಬೇರೊಂದು ಲಾಭವಿದೆ: ಕೈ ದಿನವಿಡೀ ಒಂದೇ ಆಕಾರದಲ್ಲಿ ಇರುವುದು ತಪ್ಪುತ್ತದೆ. ಪರೀಕ್ಷೆಯ ಫಲಿತಾಂಶ ಬಂದು ಪ್ಲಸ್ ವನ್ ಪ್ರವೇಶದ ಅರ್ಜಿಗಳು ಮುಗಿಬೀಳುವ ವಾರಗಳಲ್ಲಿ ನಿಮ್ಮ ಕೈಗೆ ರಾತ್ರಿಯ ಆಟ ಎಷ್ಟು ಸಲ್ಲುತ್ತದೆ ಎಂಬುದನ್ನು ನೀವೇ ತೂಗಿ ನೋಡಬೇಕು.

ಪ್ರಶ್ನೆ: ಮಣಿಕಟ್ಟಿನ ಕೆಳಗೆ ಇಡುವ ಜೆಲ್ ದಿಂಬು, ಕೈಯಲ್ಲಿ ಹಿಚುಕುವ ಚೆಂಡು ಇವುಗಳಿಂದ ಉಪಯೋಗವಿದೆಯೇ? (ಕುಂಬಳೆಯ ಓದುಗ)

ಉತ್ತರ: ದಿಂಬು ವಿರಾಮದ ಹೊತ್ತಿಗೆ, ಅದರ ಮೇಲೆ ಮಣಿಕಟ್ಟನ್ನು ಊರಿಯೇ ಆಡಿದರೆ ನರವಿರುವ ಜಾಗವನ್ನೇ ಒತ್ತಿದಂತಾಗುತ್ತದೆ. ಚೆಂಡು ಬೇಡ. ಹಿಡಿದು ಹಿಡಿದು ದಣಿದ ಕೈಗೆ ಮತ್ತೆ ಹಿಡಿಯುವ ಕೆಲಸ ಏಕೆ? ಐದು ಬೆರಳುಗಳ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಡಿಸುವುದು ಅದಕ್ಕಿಂತ ಮೇಲು. ನೋವು ಇಳಿದ ಬಳಿಕ, ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಮೇಲೆತ್ತಿ, ಆ ಸಹಾಯವಿಲ್ಲದೆ ನಿಧಾನವಾಗಿ ಕೆಳಗಿಳಿಸಿ. ಹತ್ತು ಸಲ, ದಿನಬಿಟ್ಟು ದಿನ.

ಪ್ರಶ್ನೆ: ಗೆಳೆಯರೊಂದಿಗೆ ಟೂರ್ನಮೆಂಟಿಗೆ ಸಿದ್ಧವಾಗುತ್ತಿದ್ದೇನೆ. ನೋವಿನ ಮಾತ್ರೆ ನುಂಗಿ ಆಡುತ್ತಿದ್ದೇನೆ. ವಿಶ್ರಾಂತಿ ತೆಗೆದುಕೊಂಡರೆ ಕೈಚಳಕ ಹೋಗುತ್ತದೆ ಎಂಬ ಭಯ. (ಮುಳ್ಳೇರಿಯದ ಓದುಗ)

ಉತ್ತರ: ‘ಲೀಗ್ ಆಫ್ ಲೆಜೆಂಡ್ಸ್’ ಆಟದ ಅತಿ ಪ್ರಸಿದ್ಧ ಆಟಗಾರ, ದಕ್ಷಿಣ ಕೊರಿಯಾದ ಫೇಕರ್, 2023ರ ಜುಲೈಯಲ್ಲಿ ಕೈನೋವಿನಿಂದಾಗಿ ಋತುವಿನ ನಡುವೆಯೇ ಕೆಲವು ವಾರ ಹೊರಗುಳಿದರು. ಅವರಿಲ್ಲದೆ ಅವರ ಟಿ1 ತಂಡ ಸೋಲಿನ ಮೇಲೆ ಸೋಲು ಕಂಡಿತು. ಆದರೂ ಅವರು ವಿಶ್ರಾಂತಿಯನ್ನು ಮೊಟಕುಗೊಳಿಸಲಿಲ್ಲ. ಆಗಸ್ಟಿನಲ್ಲಿ ಮರಳಿದರು, ನವೆಂಬರಿನಲ್ಲಿ ಅದೇ ತಂಡದೊಂದಿಗೆ ಸೋಲ್ ನಗರದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಗೆದ್ದರು. ಹತ್ತು ದಿನದ ವಿಶ್ರಾಂತಿಯಿಂದ ನಿಮ್ಮ ಚಳಕ ಅಳಿಯುವುದಿಲ್ಲ.

ಮಾತ್ರೆ ನುಂಗಿ ಆಡುವುದನ್ನು ಇಂದೇ ನಿಲ್ಲಿಸಿ. ಯಾವಾಗ ನಿಲ್ಲಿಸಬೇಕೆಂದು ತಿಳಿಸುವ ನೋವನ್ನು ಮಾತ್ರೆ ಮುಚ್ಚುತ್ತದೆ, ಮೇಲಾಗಿ ಖಾಲಿ ಹೊಟ್ಟೆಗೆ ನುಂಗಿದರೆ ಜಠರಕ್ಕೂ ಹಾನಿ. ನೋವು ಇಳಿದ ಮೇಲೆ ಮೊದಲ ವಾರ ಹಿಂದಿನ ಅವಧಿಯ ಅರ್ಧದಷ್ಟು ಮಾತ್ರ ಆಡಿ. ಮರುದಿನ ಬೆಳಿಗ್ಗೆ ಕೈ ಬಿಗಿದಿಲ್ಲವಾದರೆ ತುಸು ಹೆಚ್ಚಿಸಿ, ಬಿಗಿದಿದ್ದರೆ ಹಿಂದಿನ ಪ್ರಮಾಣಕ್ಕೆ ಇಳಿಯಿರಿ. ಎರಡು ವಾರದ ವಿಶ್ರಾಂತಿಗೂ ಬಗ್ಗದ ನೋವಾದರೆ ಸಮೀಪದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಮೊದಲೇ ಮಂಗಳೂರಿಗೆ ಓಡಬೇಕಾಗಿಲ್ಲ. ಅಲ್ಲಿನ ವೈದ್ಯರೇ ಅಗತ್ಯವಿದ್ದರೆ ತಜ್ಞರಿಗೆ ಬರೆದುಕೊಡುತ್ತಾರೆ. ಹೋಗುವಾಗ ನೀವು ಆಡುವ ಭಂಗಿಯ ಫೋಟೋವೊಂದನ್ನು ಪಕ್ಕದಿಂದ ತೆಗೆಸಿಕೊಂಡು ಹೋಗಿ.