ಅವ್ವನ ಹಳೇ ರಿಪೋರ್ಟು ಕಂಪ್ಯೂಟರಿನಲ್ಲಿ ಇಲ್ಲ ಅಂದರೆ

ರಿಪೋರ್ಟು ಅಳಿಸಿ ಹೋಗಿರಲಿಕ್ಕಿಲ್ಲ. ನಿಮ್ಮ ಅವ್ವನ ಹೆಸರಿನಲ್ಲಿ ಎರಡು ನೋಂದಣಿ ಆಗಿರಬೇಕು. ಒಂದೇ ಆಸ್ಪತ್ರೆ, ಮೂರು ತಿಂಗಳ ಹಿಂದಿನ ಸಕ್ಕರೆ ಪರೀಕ್ಷೆ ಸಿಗುತ್ತಿಲ್ಲ ಅಂತ ಬರೆದಿದ್ದೀರಿ, ಅದಕ್ಕೇ ಈ ಅನುಮಾನ. ಕೊಪ್ಪಳ ಕಡೆ ನೋಂದಣಿ ಕೌಂಟರಿನಲ್ಲಿ ಕೂತವನು ನಾನು. ಒಬ್ಬರೇ ಅಜ್ಜಿ ಒಮ್ಮೆ ನಿಂಗಮ್ಮ, ಒಮ್ಮೆ ನಿಂಗವ್ವ. ವಯಸ್ಸು ಒಂದರಲ್ಲಿ 52, ಇನ್ನೊಂದರಲ್ಲಿ 60. ಸೋಮವಾರ ಬೆಳಿಗ್ಗೆ ಕ್ಯೂ ಗೇಟಿನ ತನಕ ಇರುವಾಗ ಹಳೇದು ಹುಡುಕೋ ಬದಲು ಹೊಸದಾಗಿ ನಮೂದಿಸಿ ಕಳಿಸಿಬಿಡುತ್ತಿದ್ದೆವು, ಸುಳ್ಳು ಯಾಕೆ ಹೇಳಲಿ.

ಮೊದಲು ಮನೆಯಲ್ಲಿ ಹಳೇ ಓಪಿಡಿ ಚೀಟಿ ಹುಡುಕಿ. ಅದರಲ್ಲಿರುವ ಯುಎಚ್‌ಐಡಿ ನಂಬರನ್ನು, ಅಂದರೆ ಆಸ್ಪತ್ರೆ ಒಬ್ಬೊಬ್ಬ ರೋಗಿಗೆ ಕೊಡುವ ನೋಂದಣಿ ನಂಬರನ್ನು, ಹೊಸ ಚೀಟಿಯದ್ದರ ಜೊತೆ ಹೋಲಿಸಿ. ಬೇರೆ ಬೇರೆ ಇದ್ದರೆ ಎರಡೂ ಚೀಟಿ ಹಿಡಿದು ಮಧ್ಯಾಹ್ನ ಹೋಗಿ, ರಶ್ ಕಮ್ಮಿ. ಹಳೇ ಚೀಟಿ ಸಿಗದಿದ್ದರೆ ಹೆಸರಿನ ಬದಲು ಮೊಬೈಲ್ ನಂಬರಿನಿಂದ ಹುಡುಕಲು ಹೇಳಿ. ಆವಾಗ ನಿಮ್ಮ ತಮ್ಮನ ನಂಬರ್ ಕೊಟ್ಟಿದ್ದಿರಾ ನೆನಪು ಮಾಡಿಕೊಳ್ಳಿ. ಎರಡು ನೋಂದಣಿ ಸೇರಿಸೋ ಅಧಿಕಾರ ನಮ್ಮ ಲಾಗಿನ್‌ಗೆ ಇರಲಿಲ್ಲ, ಮೇಲಿನವರಿಗೆ ಚೀಟಿ ಬರೆದು ಕಳಿಸುತ್ತಿದ್ದೆವು. ನಿಮ್ಮಲ್ಲೂ ಹಾಗೇ ಇರಬಹುದು, ಕೇಳಿ ನೋಡಿ. ಅಲ್ಲಿವರೆಗೆ ಹಳೇ ನಂಬರ್ ತೆರೆದು ಪ್ರಿಂಟ್ ಕೊಡಿ ಅನ್ನಿ, ಡಾಕ್ಟರಿಗೆ ಅಷ್ಟು ಸಾಕು.

ಆಮೇಲೆ 14 ಅಂಕಿಯ ಆಭಾ ನಂಬರ್ (ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಖಾತೆಯ ನಂಬರ್) ಮಾಡಿಸಿ, ಉಳಿಸಿಕೊಂಡ ನೋಂದಣಿಗೆ ಜೋಡಿಸಿ. ಆಧಾರ್‌ನಿಂದ ಮಾಡಿಸಿದರೆ ಒಟಿಪಿ ಬರುತ್ತೆ, ಆ ಫೋನು ಕೈಯಲ್ಲಿರಲಿ. ಆಭಾ ಮಾಡಿಸಿದ ಮಾತ್ರಕ್ಕೆ ಹಳೇ ರಿಪೋರ್ಟು ತಾನಾಗಿ ಬಂದು ಕೂಡಲ್ಲ, ಕಾಗದ ಬಿಸಾಡಬೇಡಿ.