ಕಣ್ಣು, ಕೆನ್ನೆ ಎಳೆಯುವುದು ತಾನಾಗೇ ಹೋಗುತ್ತಾ? ಜೇವರ್ಗಿ ಅಣ್ಣಾರಿಗೆ ಉತ್ತರ

ಅಣ್ಣಾರೆ, ಶರಣು. ಹೋದ ವರ್ಷ ತೊಗರಿ ರಾಶಿ ಸಮಯದಲ್ಲಿ ಎಡಗಣ್ಣು ಹಾರಲು ಶುರುವಾಗಿ, ಈಗ ಕೆನ್ನೆ, ಬಾಯಿ ಮೂಲೆವರೆಗೂ ಎಳೆಯುತ್ತದೆ, ಸುಮ್ನೆ ಬಿಟ್ಟರೆ ಹೋಗುತ್ತಾ ಎಂದು ಕೇಳಿದ್ದೀರಿ. ತೊಗರಿ ಗುಂಪಿನಲ್ಲಿ ಇದನ್ನು ಕೇಳಿದ್ದಕ್ಕೆ ಕ್ಷಮೆ ಬೇರೆ ಕೇಳಿದ್ದೀರಿ. ಕೇಳಿದ್ದೇ ಒಳ್ಳೆಯದಾಯಿತು. ನನಗೂ ವರ್ಷಗಳಿಂದ ಕಣ್ಣಿನ ಸೆಳೆತ ಇದೆ. ಡಾಕ್ಟರ್ ಅಲ್ಲ, ಚಿತ್ತಾಪುರ ಕಡೆಯ ರೈತ, ಆದರೆ ಈ ವಿಷಯದಲ್ಲಿ ತಿಳಿದವರನ್ನು ಕೇಳಿ ಕೇಳಿ ಒಂದಿಷ್ಟು ಗೊತ್ತಾಗಿದೆ.

ಮೊದಲು ನಿಮ್ಮ ಪ್ರಶ್ನೆಯ ಕೆಳಗೆ ಗುಂಪಿನವರು ಬರೆದ ಉತ್ತರಗಳ ಬಗ್ಗೆ. ಗಂಡಸರಿಗೆ ಎಡಗಣ್ಣು ಹಾರಿದರೆ ಕೇಡು ಎಂದವರನ್ನು ಬಿಡಿ. ಲಕ್ವಾ ಎಂದು ಎಣ್ಣೆ ಹಚ್ಚಿಸಿಕೊಳ್ಳಲು ಹೇಳಿದ್ದಾರಲ್ಲ, ಅದೂ ಬೇಡ. ಲಕ್ವಾದಲ್ಲಿ ಮುಖ ಸಡಿಲ ಬೀಳುತ್ತದೆ. ನಿಮ್ಮದು ಉಲ್ಟಾ, ನರ ಜಾಸ್ತಿ ಕೆಲಸ ಮಾಡುತ್ತಿದೆ. ಹಿಂದೆ ಯಾವಾಗಲಾದರೂ ಲಕ್ವಾ ಆಗಿ ವಾಸಿಯಾಗಿದ್ದರೆ ಮಾತ್ರ ಡಾಕ್ಟರಿಗೆ ಮರೆಯದೆ ಹೇಳಿ, ವಾಸಿಯಾದ ಮೇಲೂ ಕೆಲವರಿಗೆ ಬಾಯಿ ಆಡಿಸಿದರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಬರೀ ರೆಪ್ಪೆ ಹಾರುವುದು ನಿದ್ದೆಗೆಟ್ಟರೆ, ಚಹಾ ಜಾಸ್ತಿಯಾದರೆ ಎಲ್ಲರಿಗೂ ಬರುತ್ತದೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಹೋಗುತ್ತದೆ. ವರ್ಷವಾದರೂ ಹೋಗದೆ ಕೆನ್ನೆಗೆ ಇಳಿದಿದೆ ಎಂದರೆ ಅದಲ್ಲ.

ಇನ್ನೊಬ್ಬರು ಔಷಧ ಹೊಡೆದದ್ದರಿಂದ ಬಂದಿರಬೇಕು ಎಂದಿದ್ದಾರೆ. ಸಿಂಪಡಣೆ ಮಾಡಿದ ಮೇಲೆ ಮೈ ಮಾಂಸ ಅದುರುವುದು, ಬೆವರು, ಬಾಯಲ್ಲಿ ನೀರು, ಕಣ್ಣು ಮಂಜು, ಉಸಿರಿನ ತೊಂದರೆ ಆದರೆ ಅದು ವಿಷ ಏರಿದ ಲಕ್ಷಣ. ಆಗ ಗುಂಪಿನಲ್ಲಿ ಕೇಳುತ್ತಾ ಕೂರಬಾರದು, ಔಷಧದ ಡಬ್ಬಿ ಹಿಡಿದುಕೊಂಡು ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಆದರೆ ಅದು ಒಂದೇ ಕಡೆಯ ಕಣ್ಣು, ಕೆನ್ನೆ ಹಿಡಿದುಕೊಂಡು ವರ್ಷಗಟ್ಟಲೆ ಇರುವುದಿಲ್ಲ.

ಈಗ ಮುಖ್ಯ ಮಾತು. ನನ್ನ ಕಾಯಿಲೆ ಬೇರೆ, ನಿಮ್ಮದು ಬೇರೆ ಅನಿಸುತ್ತದೆ. ನನಗೆ ಎರಡೂ ಕಣ್ಣು ಒಟ್ಟಿಗೆ ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ, ಬಿಸಿಲಿಗೆ ಇನ್ನೂ ಜಾಸ್ತಿ. ಇದಕ್ಕೆ ಬ್ಲೆಫರೋಸ್ಪಾಸಂ ಅನ್ನುತ್ತಾರೆ, ಮೆದುಳಿನ ಒಳಗಿನ ಗಡಿಬಿಡಿ. ಒಂದೇ ಕಡೆ ಕಣ್ಣಿನಿಂದ ಶುರುವಾಗಿ ಕೆನ್ನೆ, ಬಾಯಿಗೆ ಇಳಿಯುವುದು ಹೆಮಿಫೇಶಿಯಲ್ ಸ್ಪಾಸಂ. ಮುಖದ ನರ ಮೆದುಳಿನ ಬುಡದಿಂದ ಹೊರಬರುವ ಜಾಗದಲ್ಲಿ ಒಂದು ರಕ್ತನಾಳ ಅದಕ್ಕೆ ಆನಿಕೊಂಡು ಬಡಿಯುತ್ತಿರುತ್ತದೆ. ಬಹುಪಾಲು ಕಾರಣ ಅದೇ. ಅಪರೂಪಕ್ಕೆ ಗಡ್ಡೆಯೂ ಇರಬಹುದು, ಅದಕ್ಕೇ ಎಂಆರ್‌ಐ ಮಾಡಿಸುತ್ತಾರೆ.

ಮನೆಯಲ್ಲೇ ಎರಡು ವಿಷಯ ನೋಡಿ. ಎಡಗಣ್ಣು ಮುಚ್ಚಿಕೊಳ್ಳುವಾಗ ಅದೇ ಕಡೆಯ ಹುಬ್ಬು ಮೇಲಕ್ಕೆ ಏಳುತ್ತದಾ? ನಾವು ಬೇಕೆಂದು ಕಣ್ಣು ಬಿಗಿಯಾಗಿ ಮುಚ್ಚಿದರೆ ಹುಬ್ಬು ಕೆಳಗಿಳಿಯುತ್ತದೆ, ಇದರಲ್ಲಿ ಏಳುತ್ತದೆ, ಕನ್ನಡಿ ಮುಂದೆ ನಿಂತರೆ ಗೊತ್ತಾಗುತ್ತದೆ. ಇನ್ನೊಂದು, ನೀವು ಮಲಗಿದ ಮೇಲೆ ವೈನಿಗೆ ನೋಡಲು ಹೇಳಿ. ನನ್ನದು ನಿದ್ದೆಯಲ್ಲಿ ನಿಂತುಬಿಡುತ್ತದೆ, ಹೆಮಿಫೇಶಿಯಲ್ ಆದರೆ ನಿದ್ದೆಯಲ್ಲೂ ಹಾರುತ್ತಿರಬಹುದು. ಎಳೆತ ಬಂದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಸಿಕೊಳ್ಳಿ, ಡಾಕ್ಟರ್ ಮುಂದೆ ಕೂತಾಗಲೇ ಅದು ಬರುವುದಿಲ್ಲ ನೋಡಿ.

ತಾನಾಗೇ ಹೋಗುತ್ತಾ ಎಂಬ ಪ್ರಶ್ನೆಗೆ ನಮ್ಮಿಬ್ಬರ ಉತ್ತರ ತದ್ವಿರುದ್ಧ. ನನ್ನ ರೋಗ ಸುಮಾರು ಹತ್ತರಲ್ಲಿ ಒಬ್ಬರಿಗೆ ತಾನಾಗೇ ಬಿಡುತ್ತದೆ, ಅದೂ ಹೆಚ್ಚಾಗಿ ಮೊದಲ 5 ವರ್ಷಗಳಲ್ಲಿ. ಬೇರುಸಮೇತ ಕೀಳುವ ಆಪರೇಷನ್ ಮಾತ್ರ ಇದಕ್ಕಿಲ್ಲ. ನಿಮ್ಮದು ತಾನಾಗೇ ಪೂರ್ತಿ ಬಿಡುವುದು ಅಪರೂಪ, ಆದರೆ ಆಪರೇಷನ್ ಇದೆ. ಕಿವಿ ಹಿಂದೆ ಸಣ್ಣದಾಗಿ ಬುರುಡೆ ತೆರೆದು, ಆ ರಕ್ತನಾಳವನ್ನು ನರದಿಂದ ಸರಿಸಿ, ನಡುವೆ ಟೆಫ್ಲಾನ್ ತುಂಡು ಇಡುತ್ತಾರೆ. ಅನುಭವಿ ಕೈಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಗುಣ ಕಾಣುತ್ತದೆ, ಕೆಲವರಿಗೆ ಪೂರ್ತಿ ನಿಲ್ಲಲು ತಿಂಗಳುಗಳೇ ಬೇಕಾಗುತ್ತವೆ. ಆದರೂ ಅದು ತಲೆಯ ಆಪರೇಷನ್. ಆ ಕಡೆಯ ಕಿವಿ ಕೇಳಿಸದೇ ಹೋಗುವ ಅಪಾಯ ಸ್ವಲ್ಪ ಇದೆ, ಅದನ್ನು ಬಾಯಿಬಿಟ್ಟು ಕೇಳಿ ತಿಳಿದುಕೊಂಡೇ ಒಪ್ಪಬೇಕು.

ಅಲ್ಲಿವರೆಗೆ ಇಬ್ಬರಿಗೂ ಒಂದೇ ದಾರಿ, ಬೊಟುಲಿನಂ ಇಂಜೆಕ್ಷನ್. ಜನ ಬೊಟಾಕ್ಸ್ ಅನ್ನುತ್ತಾರಲ್ಲ, ಅದೇ. ಸಿನಿಮಾದವರು ಸುಕ್ಕು ಹೋಗಲು ಹಾಕಿಸಿಕೊಳ್ಳುವ ಮೊದಲೇ, 1989ರಲ್ಲಿ, ಅಮೆರಿಕದಲ್ಲಿ ಕಣ್ಣಿನ ಈ ಸೆಳೆತಕ್ಕೇ ಇದಕ್ಕೆ ಒಪ್ಪಿಗೆ ಸಿಕ್ಕಿತ್ತು. ಸಣ್ಣ ಸೂಜಿಯಲ್ಲಿ ಕಣ್ಣಿನ ಸುತ್ತ, ಕೆನ್ನೆಗೆ ನಾಲ್ಕಾರು ಕಡೆ ಚುಚ್ಚುತ್ತಾರೆ, ಕೆಲವೇ ನಿಮಿಷದ ಕೆಲಸ. ಒಂದು ವಾರದೊಳಗೆ ಹಿಡಿತ ಸಡಿಲವಾಗುತ್ತದೆ, ಹೆಚ್ಚುಕಡಿಮೆ ಮೂರು ತಿಂಗಳು ಇರುತ್ತದೆ, ಮತ್ತೆ ಹಾಕಿಸಬೇಕು. ಒಮ್ಮೊಮ್ಮೆ ರೆಪ್ಪೆ ಜೋತು ಬೀಳುತ್ತದೆ, ಕಣ್ಣು ಒಣಗುತ್ತದೆ, ಬಾಯಿ ಒಂದು ಕಡೆ ಸೊಟ್ಟ ಕಾಣುತ್ತದೆ. ಹೆದರಬೇಡಿ, ವಾರಗಳಲ್ಲಿ ಸರಿಹೋಗುತ್ತದೆ. ನಾನು ಇದನ್ನು ಹೊಲದ ಲೆಕ್ಕಕ್ಕೆ ಹೊಂದಿಸಿಕೊಂಡಿದ್ದೇನೆ. ಬಿತ್ತನೆಗೆ ಮುಂಚೆ ಒಂದು, ರಾಶಿ ಶುರುವಾಗುವ ಮುಂಚೆ ನವೆಂಬರ್ ಕೊನೆಗೆ ಒಂದು. ರಾಶಿ ಮಷೀನಿನ ಹೊಟ್ಟು, ಧೂಳು ಏಳುವಾಗ ಔಷಧ ಪೂರ್ತಿ ಕೆಲಸ ಮಾಡುತ್ತಿರಬೇಕಲ್ವಾ. ನಡುವೆ ಹಣದ ಅನುಕೂಲ ಇದ್ದರೆ ಇನ್ನೊಂದು.

ಹಣದ ವಿಷಯ ಬಂತು ಎಂದು ಹೇಳುತ್ತೇನೆ. ಬಾಟಲಿ 50 ಅಥವಾ 100 ಯುನಿಟ್‌ನದು ಬರುತ್ತದೆ, ಒಂದು ಮುಖಕ್ಕೆ ಅಷ್ಟೂ ಬೇಕಾಗುವುದಿಲ್ಲ. ಕೆಲವು ಆಸ್ಪತ್ರೆಗಳಲ್ಲಿ ಒಂದೇ ದಿನ ಹಲವರನ್ನು ಕರೆದು ಹಂಚಿ ಹಾಕುತ್ತಾರೆ, ಖರ್ಚು ಇಳಿಯುತ್ತದೆ. ಹಾಗೆ ಇದೆಯಾ ಎಂದು ಕೇಳಲು ನಾಚಿಕೊಳ್ಳಬೇಡಿ. ಮೊದಲು ಕಲಬುರಗಿಯಲ್ಲೇ ನರರೋಗದ ಡಾಕ್ಟರಿಗೆ ತೋರಿಸಿ. ಆಪರೇಷನ್ ಮಾತು ಬಂದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಹೈದರಾಬಾದಿನ ನಿಮ್ಸ್, ಎರಡೂ ಸರ್ಕಾರಿ. ಬೆಂಗಳೂರಿಗೆ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಇಳಿಯುತ್ತೀರಿ.

ಆಸೆ ಇಟ್ಟುಕೊಳ್ಳುವುದರ ಬಗ್ಗೆ ಒಂದು ಮಾತು. ಒಂದು ಮಳೆಗಾಲ ನನಗೆ ಇಂಜೆಕ್ಷನ್ ಅವಧಿ ಮುಗಿದರೂ ಕಣ್ಣು ಸುಮ್ಮನಿತ್ತು. ಬಿಟ್ಟೇ ಹೋಯಿತು ಎಂದು ಮನೆಯಲ್ಲಿ ಹೋಳಿಗೆ ಮಾಡಿದರು. ಬೇಸಿಗೆಗೆ ಮತ್ತೆ ಬಂತು. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಈಗಲೂ ಪ್ರತಿ ಸಲ ಔಷಧ ಇಳಿಯುವ ಹೊತ್ತಿಗೆ ಸ್ವಲ್ಪ ದಿನ ಕಾದು ನೋಡುತ್ತೇನೆ. ಕಾಯುವಾಗ ಮಂಡಿಯಲ್ಲಿ ಚೀಲ ಎಣಿಸಬೇಕಾದರೆ ಕಣ್ಣಿನ ಪಕ್ಕದ ಕಣತಲೆಗೆ ಒಂದು ಬೆರಳು ಒತ್ತಿ ಹಿಡಿದರೆ ಕಣ್ಣು ತೆರೆದಿರುತ್ತದೆ, ಶೇಂಗಾ ಅಗಿದರೂ ಆಗುತ್ತದೆ. ನನ್ನಂಥವರಿಗೆ ಈ ಉಪಾಯ ನಡೆಯುತ್ತದೆ, ನಿಮಗೆ ಅಷ್ಟಾಗಿ ಆಗಲಿಕ್ಕಿಲ್ಲ. ಒಬ್ಬ ಅಡತಿಯವರು ಮೊದಮೊದಲು ನಾನು ಅವರಿಗೇ ಕಣ್ಣು ಹೊಡೆದು ರೇಟಿನ ಸನ್ನೆ ಮಾಡುತ್ತಿದ್ದೇನೆ ಅಂದುಕೊಂಡಿದ್ದರು! ಈಗ ಹೋದ ಕಡೆ ಮೊದಲೇ ಹೇಳಿಬಿಡುತ್ತೇನೆ, ಇದು ಕಾಯಿಲೆ, ತಪ್ಪು ತಿಳಿಯಬೇಡಿ ಅಂತ. ನೀವೂ ಹೇಳಿಬಿಡಿ. ಮುಚ್ಚಿಟ್ಟಷ್ಟೂ ಟೆನ್ಷನ್, ಟೆನ್ಷನ್ ಆದಷ್ಟೂ ಎಳೆತ.

ಟ್ರ್ಯಾಕ್ಟರ್ ಬಗ್ಗೆಯೂ ಕೇಳಿದ್ದೀರಿ. ಒಂದು ಕಣ್ಣು ಮುಚ್ಚಿದಾಗ ದೂರದ ಅಂದಾಜು ತಪ್ಪುತ್ತದೆ. ಸದ್ಯ ಹೆದ್ದಾರಿ, ರಾತ್ರಿ ಓಡಿಸುವುದು ಬೇಡ. ರಾಶಿ ಮಷೀನಿಗೆ ಕಟ್ಟು ಕೊಡಲು ಬೇರೆಯವರನ್ನು ನಿಲ್ಲಿಸಿ, ನೀವು ಚೀಲದ ಕಡೆ ಇರಿ, ಕನ್ನಡಕ ಹಾಕಿಕೊಂಡು. ಡಾಕ್ಟರ್ ಕ್ಲೊನಾಜೆಪಾಮ್ ಅಥವಾ ಕಾರ್ಬಮಜೆಪಿನ್ ಮಾತ್ರೆ ಬರೆದುಕೊಟ್ಟರೆ ಗುಣ ಕಡಿಮೆ, ಮಂಪರು ಜಾಸ್ತಿ ಬರಬಹುದು, ಆ ದಿನಗಳಲ್ಲಿ ಸ್ಟೇರಿಂಗ್ ಮುಟ್ಟಬೇಡಿ. ಶುರು ಮಾಡಿದ ಮೇಲೆ ನೀವೇ ದಿಢೀರ್ ನಿಲ್ಲಿಸಲೂಬೇಡಿ. ಎಂಆರ್‌ಐ ಆದ ಮೇಲೆ ಏನು ಹೇಳಿದರು ಎಂದು ಇಲ್ಲೇ ಬರೆಯಿರಿ.