16 ಇಂಚಿನಿಂದ 18ಕ್ಕೆ ಹೋದರೆ ರೇಂಜ್ ಇಳಿಯುತ್ತಾ?

ನಿಮ್ಮ ಎಲೆಕ್ಟ್ರಿಕ್ ಕಾರು ನೆಕ್ಸಾನ್ ಇವಿಗೆ 16ರ ಬದಲು 18 ಇಂಚಿನ ಅಲಾಯ್ ವೀಲ್ ಹಾಕಿಸಿದರೆ ರೇಂಜ್, ಅಂದರೆ ಒಂದು ಚಾರ್ಜ್‌ಗೆ ಓಡುವ ದೂರ, ಇಳಿಯುತ್ತಾ ಅಂತ ಕೇಳಿದ್ದೀರಿ. ಖಂಡಿತ ಇಳಿಯುತ್ತದೆ. 2024ರ ಟೆಸ್ಲಾ ಮಾಡೆಲ್ 3 ಲಾಂಗ್ ರೇಂಜ್ ಆಲ್ ವೀಲ್ ಡ್ರೈವ್ ನೋಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಲೆಕ್ಕದಲ್ಲಿ 18 ಇಂಚಿಗೆ 341 ಮೈಲಿ, 19 ಇಂಚಿಗೆ 305. ಟೈರಿನ ರಬ್ಬರ್, ವೀಲ್ ಕವರ್ ಪಾಲೂ ಇದರಲ್ಲಿದೆ, ಆದರೂ ವ್ಯತ್ಯಾಸ ದೊಡ್ಡದೇ ಅಲ್ವಾ? ದೊಡ್ಡ ವೀಲ್ ಹಾಕಿದರೆ ತಿರುವಿನಲ್ಲಿ ಸ್ಟೇರಿಂಗ್ ಚುರುಕಾಗುತ್ತದೆ, ನಿಜ. ಆದರೆ ವೀಲ್ ದೊಡ್ಡದಾದಾಗ ಟೈರಿನ ಸೈಡ್‌ವಾಲ್ (ಪಕ್ಕದ ರಬ್ಬರ್ ಗೋಡೆ) ಗಿಡ್ಡವಾಗುತ್ತದೆ. ಅದು ಗಿಡ್ಡವಾದಷ್ಟೂ ಗುಂಡಿಯ ಏಟು ರಿಮ್‌ಗೆ, ಸಸ್ಪೆನ್ಷನ್‌ಗೆ ಜಾಸ್ತಿ ಬೀಳುತ್ತದೆ. ನಮ್ಮ ರಸ್ತೆಗಳಿಗೆ ಇದು ಬೇಡವೇ ಬೇಡ. 16ರಲ್ಲೇ ಇರಿ. ಮುಂದೆ ಟೈರ್ ಬದಲಿಸುವಾಗ ರೋಲಿಂಗ್ ರೆಸಿಸ್ಟೆನ್ಸ್ (ಟೈರ್ ಉರುಳುವಾಗಿನ ತಡೆ) ಕಡಿಮೆ ಇರುವುದನ್ನು ತಗೊಳ್ಳಿ. ಬ್ಯಾಟರಿಯಿಂದ ಕಾರಿನ ತೂಕ ಜಾಸ್ತಿ, ಹಾಗಾಗಿ ಲೋಡ್ ಇಂಡೆಕ್ಸ್ (ಟೈರ್ ಎಷ್ಟು ತೂಕ ಹೊರಬಲ್ಲದು ಎಂಬ ಸಂಖ್ಯೆ) ಈಗಿರುವುದಕ್ಕಿಂತ ಕಡಿಮೆ ಆಗಬಾರದು. ಗಾಳಿಯನ್ನು ಟೈರ್ ತಣ್ಣಗಿದ್ದಾಗಲೇ ಚೆಕ್ ಮಾಡಿಸಿ.